ಪ್ಲಾನಿನ ಅಳತೆ, ಕಂದಾಯದ ಅಳತೆ ತಾಳೆ ಮಾಡ್ಕೊಳ್ಳೋದು ಹೇಗೆ?

ಬೆಂಗಳೂರಲ್ಲಿ ಮನೆ ಕಟ್ಟೋಕೆ ಪ್ಲಾನ್ ಸ್ಯಾಂಕ್ಷನ್ ಮಾಡೋದು ನಗರ ಯೋಜನೆ ವಿಭಾಗ, ಕಂದಾಯ ಕಟ್ಟಿಸ್ಕೊಳ್ಳೋದು ರೆವಿನ್ಯೂದವ್ರು. ಒಬ್ಬರ ಫೈಲು ಇನ್ನೊಬ್ಬರ ಟೇಬಲ್ಲಿಗೆ ತಾನಾಗೇ ಹೋಗುತ್ತೆ ಅಂತ ನಂಬ್ಕೊಂಡು ಕೂರಬೇಡಿ. 2008ರಲ್ಲಿ ಯೂನಿಟ್ ಏರಿಯಾ ಪದ್ಧತಿ ಬಂದಾಗಿಂದ ಕಂದಾಯ ನಿಂತಿರೋದೇ ಚದರಡಿ ಮೇಲೆ, ಆ ಚದರಡಿ ಎಷ್ಟು ಅಂತ ಬರ್ಕೊಡೋದು ನೀವೇ, ಹಾಗಾಗಿ ತಾಳೆ ಮಾಡೋ ಕೆಲಸಾನೂ ಸದ್ಯಕ್ಕೆ ನಿಮ್ದೇ.

ಮೊದಲು ಸ್ಯಾಂಕ್ಷನ್ ಆದ ಪ್ಲಾನು, ಓಸಿ (ಅಂದ್ರೆ ವಾಸಯೋಗ್ಯ ಪ್ರಮಾಣಪತ್ರ, ಇದ್ರೆ), ಖಾತೆ, ಹೋದ ವರ್ಷದ ಕಂದಾಯದ ರಸೀದಿ ಇಷ್ಟನ್ನೂ ಒಟ್ಟಿಗೆ ಇಟ್ಕೊಳ್ಳಿ. ಪಿಐಡಿ ನಂಬರು (ಆಸ್ತಿಯ ಗುರುತಿನ ಸಂಖ್ಯೆ), ಸೈಟ್ ಅಳತೆ, ಮಾಲೀಕರ ಹೆಸರು ಎಲ್ಲದರಲ್ಲೂ ಒಂದೇ ಥರ ಇದ್ಯಾ ನೋಡಿ.

ಆಮೇಲೆ ಮಹಡಿ ಮಹಡಿಗೂ ಟೇಪ್ ಹಿಡಿದು ಅಳೀರಿ. ಜನ ಎಡವೋದು ಇಲ್ಲೇ. ಪ್ಲಾನಲ್ಲಿ ಎಫ್‌ಎಆರ್ (ಸೈಟ್ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಮಿತಿ) ಲೆಕ್ಕ ಹಾಕುವಾಗ ಪಾರ್ಕಿಂಗ್ ಥರದ್ದನ್ನ ಕಳೆದು ಬರ್ದಿರ್ತಾರೆ, ಕಂದಾಯಕ್ಕೆ ಬೇಕಾಗಿರೋದು ಕಟ್ಟಿರೋ ಜಾಗ ಪೂರ್ತಿ, ಪಾರ್ಕಿಂಗ್‌ಗೆ ಬೇರೆ ಕಾಲಮ್ಮೇ ಇದೆ. ಇನ್ನು ಮೇಸ್ತ್ರಿ ಬಿಲ್ಲು ಹಾಕಿದ ‘ಹನ್ನೆರಡು ಚದರ’ (ಒಂದು ಚದರ ಅಂದ್ರೆ 100 ಚದರಡಿ) ಅನ್ನೋದು ಮೂರನೇ ಲೆಕ್ಕ, ಅದನ್ನ ಫಾರಂಗೆ ತುಂಬೋಕೇ ಹೋಗ್ಬೇಡಿ.

ಮೂರನೇದು ಬಳಕೆ. ಮೇಲಿನ ಪೋರ್ಷನ್ ಬಾಡಿಗೆಗೆ ಕೊಟ್ಟಿದ್ರೆ ಅಷ್ಟು ಭಾಗವನ್ನ ಬಾಡಿಗೆ ಅಂತಾನೇ ತೋರಿಸ್ಬೇಕು, ಯಾಕಂದ್ರೆ ಸ್ವಂತ ವಾಸಕ್ಕೆ ಅದರ ಅರ್ಧ ರೇಟು. ಕೆಳಗೆ ಅಂಗಡಿ ಇದ್ರೆ ಅದಕ್ಕೆ ವಾಸದ ರೇಟು ನಡೆಯಲ್ಲ, ಪ್ಲಾನಲ್ಲಿ ‘ವಾಸ’ ಅಂತ ಬರ್ದಿದ್ರೂ ಅಷ್ಟೇ.

ಕಂದಾಯ ಕಟ್ಟುವಾಗ, ಹೋದ ವರ್ಷಕ್ಕಿಂತ ಬದಲಾವಣೆ ಏನೂ ಇಲ್ದಿದ್ರೆ ಫಾರಂ 4, ಮಹಡಿ ಏರಿಸಿದ್ರೆ ಅಥವಾ ಬಳಕೆ ಬದಲಾಗಿದ್ರೆ ಫಾರಂ 5. ಎಷ್ಟೋ ಜನ ಮೇಲೊಂದು ರೂಮು ಕಟ್ಟಿ ಮುಗಿಸಿ, ಗೃಹಪ್ರವೇಶದ ಊಟನೂ ಹಾಕ್ಸಿ, ಕಂದಾಯ ಮಾತ್ರ ಫಾರಂ 4ರಲ್ಲೇ ಕಟ್ಕೊಂಡ್ ಬರ್ತಿರ್ತಾರೆ. ಲೆಕ್ಕ ನೋಡಿ: ರೇಟು ಚದರಡಿಗೆ ತಿಂಗಳಿಗೆ 2 ರೂಪಾಯಿ ಅಂತಿಟ್ಕೊಂಡ್ರೆ, ಹೊಸದಾಗಿ ಕಟ್ಟಿದ 400 ಚದರಡಿಗೆ 10 ತಿಂಗಳ ಲೆಕ್ಕದಲ್ಲಿ (ವರ್ಷಕ್ಕೆ ಹಿಡಿಯೋದು ಹತ್ತೇ ತಿಂಗಳು) 8,000 ಆಯ್ತು, ಅದರ 20% ಅಂದ್ರೆ ವರ್ಷಕ್ಕೆ 1,600, ಸೆಸ್ ಬೇರೆ (ಸವಕಳಿ ಕಳೆದ್ರೆ ಸ್ವಲ್ಪ ಇಳಿಯುತ್ತೆ). ಸಿಕ್ಕಿಬಿದ್ರೆ ಹಳೇ ವರ್ಷಗಳ ಬಾಕಿ, ದಂಡ, ಬಡ್ಡಿ ಎಲ್ಲಾ ಒಟ್ಟಿಗೆ ಬರುತ್ತೆ. ಒಂದು ಮಾತು, ಕಂದಾಯ ಕಟ್ಟಿದ ತಕ್ಷಣ ಡೀವಿಯೇಷನ್ (ಪ್ಲಾನ್ ಮೀರಿ ಕಟ್ಟಿದ್ದು) ಸಕ್ರಮ ಆಗಲ್ಲ, ಬ್ರೋಕರ್ ಏನೇ ಹೇಳ್ಲಿ.

ಉಲ್ಟಾ ಕೇಸೂ ಇರುತ್ತೆ, ದಾಖಲೆಯಲ್ಲೇ ಅಳತೆ ಜಾಸ್ತಿ ಬಿದ್ದಿರುತ್ತೆ. ಆಗ ಪ್ಲಾನು, ಓಸಿ ಪ್ರತಿ ಲಗತ್ತಿಸಿ ಎಆರ್‌ಓ (ಸಹಾಯಕ ಕಂದಾಯ ಅಧಿಕಾರಿ) ಆಫೀಸಿಗೆ ತಿದ್ದುಪಡಿ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ದೆ ಬರಬೇಡಿ. ಮೈಸೂರು, ಹುಬ್ಬಳ್ಳಿ ಕಡೆಯವ್ರಿಗೆ ಈ ರೇಟಿನ ಲೆಕ್ಕ ಅನ್ವಯಿಸಲ್ಲ, ಅಲ್ಲಿ ಮಾರ್ಗಸೂಚಿ ಬೆಲೆ ಹಿಡಿದು ತೆರಿಗೆ ಹಾಕ್ತಾರೆ, ಆದ್ರೆ ಅಳತೆ ತಾಳೆ ಮಾಡೋ ಕೆಲಸ ಅಲ್ಲೂ ತಪ್ಪಿದ್ದಲ್ಲ.

ನನ್ನ ಕೇಳಿದ್ರೆ ಇಷ್ಟೆಲ್ಲಾ ಮನೆಯವ್ರು ಮಾಡ್ಬೇಕಾಗಿರೋದೇ ತಪ್ಪು. ಪ್ಲಾನ್ ಅರ್ಜಿಯಲ್ಲೇ ಪಿಐಡಿ ಕಡ್ಡಾಯ ಮಾಡಿ, ಮಹಡಿವಾರು ಒಂದೇ ಪಟ್ಟಿ ಇಟ್ಟು, ಎಫ್‌ಎಆರ್‌ಗೊಂದು ಕಂದಾಯಕ್ಕೊಂದು ಕಾಲಮ್ ಕೊಟ್ಟು, ಓಸಿ ಕೊಟ್ಟ ದಿನವೇ ಅದು ರೆವಿನ್ಯೂಗೆ ಹೋಗೋ ಹಾಗೆ ಮಾಡಿದ್ರೆ ಫಾರಂ 5 ಅರ್ಧ ತುಂಬ್ಕೊಂಡೇ ನಮ್ಮ ಕೈಗೆ ಬರಬಹುದು.