ದೇವರ ಮೇಲೆ ಆಣೆ ಇಡದವರಿಗೆ: ಬ್ರಿಟನ್ನಿನ ಪೌರತ್ವ ಸಮಾರಂಭ, ಕೋರ್ಟು, ಅಫಿಡವಿಟ್

ಹಾಸನ, ಚಿಕ್ಕಮಗಳೂರು ಕಡೆ ಆಣೆ ಅಂದರೆ ಹಗುರದ ಮಾತಲ್ಲ. ಗದ್ದೆ ಬದುವಿನ ಜಗಳ ಕೈಮೀರಿದರೆ ‘ನಡಿ ಧರ್ಮಸ್ಥಳಕ್ಕೆ’ ಅನ್ನುತ್ತಾರೆ. ‘ಕರ್ಪೂರ ಹಚ್ಚಿ ಆರಿಸು ನೋಡೋಣ’ ಅಂದರೆ ಎಂಥ ಬಾಯಿಬಡುಕನೂ ಒಂದು ಗಳಿಗೆ ಸುಮ್ಮನಾಗುತ್ತಾನೆ. ಅಂಥ ಊರುಗಳಿಂದ ಹೋಗಿ ಬ್ರಿಟನ್ನಿನಲ್ಲಿ ನೆಲೆಸಿದವರು ದೇವರನ್ನು ನಂಬದವರಾದರೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ: ಪೌರತ್ವದ ದಿನ, ಜೂರಿಗೆ (ಮೊಕದ್ದಮೆ ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ಗುಂಪಿಗೆ) ಕರೆ ಬಂದ ದಿನ, ಸಾಕ್ಷಿ ಕಟ್ಟೆ ಹತ್ತಿದ ದಿನ, ಇಲ್ಲವೇ ಊರಿನ ಖಾತೆ ಬದಲಾವಣೆಗೆ ಅಫಿಡವಿಟ್ ಮಾಡಿಸುವ ದಿನ. ಕಾನೂನು ಸರಳವಾಗಿದೆ. ಜನ ಎಡವುವುದು ಯಾವ ಹೊತ್ತಿಗೆ, ಯಾರ ಹತ್ತಿರ, ಯಾವ ಪದ ಹೇಳಬೇಕು ಅನ್ನುವಲ್ಲಿ.

ಮೊದಲು ಪದ. ನಾವು ಕನ್ನಡದಲ್ಲಿ ಎಲ್ಲಕ್ಕೂ ‘ಪ್ರಮಾಣ’ ಅಂದುಬಿಡುತ್ತೇವೆ. ಅಲ್ಲಿ ಎರಡು ಪದಗಳಿವೆ. ‘ಓತ್’ ಅಂದರೆ ದೇವರನ್ನು ಸಾಕ್ಷಿಗಿಟ್ಟು ಮಾಡುವ ಆಣೆ. ‘ಅಫರ್ಮೇಶನ್’ ಅಂದರೆ ದೇವರ ಹೆಸರೆತ್ತದೆ ಮಾಡುವ ದೃಢೀಕರಣ. 1978ರ ಓತ್ಸ್ ಆಕ್ಟ್‌ನ 5ನೇ ಸೆಕ್ಷನ್ ಪ್ರಕಾರ ಆಣೆ ಮಾಡಲು ಆಕ್ಷೇಪವಿರುವ ಯಾರೇ ಆಗಲಿ ಅಫರ್ಮೇಶನ್ ಮಾಡಬಹುದು, ಅದಕ್ಕೆ ಆಣೆಯಷ್ಟೇ ಬಲ. ‘ಯಾರೇ ಆಗಲಿ’ ಅನ್ನುವುದನ್ನು ಗಮನಿಸಿ. ನಾಸ್ತಿಕ ಅಂತ ಸಾಬೀತು ಮಾಡಬೇಕಿಲ್ಲ, ಕಾರಣ ಕೊಡಬೇಕಿಲ್ಲ. ವಾರವಾರ ದೇವಸ್ಥಾನಕ್ಕೆ ಹೋಗುವವರು, ಆದರೆ ‘ದೇವರ ಮೇಲೆ ಆಣೆ ಇಡಬಾರದು’ ಅಂತ ಮನೆಯಲ್ಲಿ ಕಲಿತವರು ಮಲೆನಾಡಿನಲ್ಲಿ ಬೇಕಾದಷ್ಟಿದ್ದಾರೆ. ಅವರಿಗೂ ಇದೇ ದಾರಿ. ದೇವರ ಹೆಸರಿಲ್ಲ ಅಂತ ಸುಳ್ಳಿಗೆ ರಿಯಾಯಿತಿಯೇನೂ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1911ರ ಪರ್ಜುರಿ ಆಕ್ಟ್ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ, ವಿಚಾರಣೆಯಲ್ಲಿ ಸುಳ್ಳು ಸಾಕ್ಷ್ಯಕ್ಕೆ 7 ವರ್ಷದವರೆಗೆ ಜೈಲು.

ಈ ಹಕ್ಕು ಪುಕ್ಕಟೆ ಬಂದದ್ದಲ್ಲ. ಕಲ್ಕತ್ತೆಯ ಹಿಂದೂ ಸಾಕ್ಷಿಗಳು ತಮ್ಮ ಪದ್ಧತಿಯಂತೆ ಬ್ರಾಹ್ಮಣನ ಪಾದ ಮುಟ್ಟಿ ಮಾಡಿದ ಪ್ರಮಾಣವನ್ನು ಇಂಗ್ಲೆಂಡಿನ ನ್ಯಾಯಾಲಯ 1744ರ ಒಂದು ಮೊಕದ್ದಮೆಯಲ್ಲೇ ಒಪ್ಪಿಕೊಂಡಿತ್ತು. ಯಾವ ದೇವರಾದರೂ ಸರಿ, ಒಬ್ಬ ದೇವರಿದ್ದರೆ ಸಾಕು ಅನ್ನುವ ತರ್ಕ. ದೇವರೇ ಇಲ್ಲದವನು ಸಾಕ್ಷಿ ಹೇಳುವ ಹಕ್ಕಿಗೆ 1869ರವರೆಗೆ ಕಾಯಬೇಕಾಯಿತು. 1880ರಲ್ಲಿ ನಾರ್ತಾಂಪ್ಟನ್‌ನಿಂದ ಗೆದ್ದ ನಾಸ್ತಿಕ ಚಾರ್ಲ್ಸ್ ಬ್ರಾಡ್ಲಾ ಅಫರ್ಮ್ ಮಾಡುತ್ತೇನೆ ಅಂದದ್ದಕ್ಕೆ ಪಾರ್ಲಿಮೆಂಟ್ ಒಳಗೆ ಬಿಡಲಿಲ್ಲ. ಹೋಗಲಿ, ಆಣೆಯನ್ನೇ ಮಾಡುತ್ತೇನೆ ಅಂದರೆ ಅದಕ್ಕೂ ಬಿಡಲಿಲ್ಲ. ಮತ್ತೆ ಮತ್ತೆ ಗೆದ್ದು ಬಂದು ಕೊನೆಗೆ 1886ರಲ್ಲಿ ಆಸನ ಪಡೆದ. 1888ರ ಓತ್ಸ್ ಆಕ್ಟ್ ಅವನ ಪಟ್ಟಿನ ಫಲ. ಮರುವರ್ಷ ಬೊಂಬಾಯಿಯ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದ.

ಈಗ ಪೌರತ್ವ. ಅರ್ಜಿ ಮಂಜೂರಾದ ಮೇಲೆ ಹೋಮ್ ಆಫೀಸಿನಿಂದ, ಅಂದರೆ ಅಲ್ಲಿನ ಗೃಹ ಇಲಾಖೆಯಿಂದ, ಸಮಾರಂಭಕ್ಕೆ ಆಹ್ವಾನ ಬರುತ್ತದೆ. ಅದು ಬಂದ 3 ತಿಂಗಳೊಳಗೆ ನಿಮ್ಮ ಸ್ಥಳೀಯ ಕೌನ್ಸಿಲ್‌ನಲ್ಲಿ ಸಮಾರಂಭ ಮುಗಿಸಬೇಕು. ಜೊತೆಗೆ ಸಾಮಾನ್ಯವಾಗಿ ಇಬ್ಬರು ಅತಿಥಿಗಳನ್ನು ಕರೆದೊಯ್ಯಬಹುದು. ಕೌನ್ಸಿಲ್‌ಗೆ ಫೋನ್ ಮಾಡಿ ದಿನ ಗೊತ್ತುಮಾಡುವಾಗಲೇ ‘ನಾನು ಅಫರ್ಮ್ ಮಾಡುತ್ತೇನೆ’ ಅಂತ ಹೇಳಿಬಿಡಿ. ಆಗ ಮರೆತರೆ ಆ ದಿನ ಗುರುತಿನ ಚೀಟಿ ತೋರಿಸುವ ಮೇಜಿನ ಹತ್ತಿರ ಹೇಳಿ. ಅಲ್ಲೇ ಯಾರ್ಯಾರು ಯಾವ ಗುಂಪು ಅಂತ ಗುರುತು ಹಾಕಿಕೊಂಡು, ಅದಕ್ಕೆ ತಕ್ಕ ಕಾರ್ಡು ಕೊಡುವುದು ರೂಢಿ. ಎಡವಟ್ಟಾಗುವುದೂ ಇಲ್ಲೇ. ಮೇಜಿನ ಗದ್ದಲದಲ್ಲಿ ಅವರು ಕೇಳಿದ್ದಕ್ಕೆಲ್ಲ ‘ಯೆಸ್ ಯೆಸ್’ ಅಂದು ಒಳಗೆ ಹೋಗಿ ಕೂತವರು, ಕಾರ್ಡು ತಿರುಗಿಸಿ ನೋಡಿದಾಗ ‘ಆಲ್‌ಮೈಟಿ ಗಾಡ್’ ಕಂಡು ತಬ್ಬಿಬ್ಬಾಗುತ್ತಾರೆ. ಆಗಲೂ ಕೆಟ್ಟದ್ದೇನಿಲ್ಲ. ಶುರುವಾಗುವ ಮೊದಲು ಸಿಬ್ಬಂದಿಯನ್ನು ಕರೆದು ಕಾರ್ಡು ಬದಲಿಸಿಕೊಳ್ಳಿ. ತುಟಿ ಅಲ್ಲಾಡಿಸಿ ಸುಮ್ಮನಿರುವುದು ಮಾತ್ರ ಬೇಡ, ಮಾತು ಹೇಳಿದ್ದನ್ನು ಅವರು ಗಮನಿಸುತ್ತಾರೆ. ಆ ಮಾತು ಹೇಳಿದ ಮೇಲೆಯೇ ಪೌರತ್ವ.

ಆಣೆಯ ಪಾಠ ಹೀಗೆ ಶುರುವಾಗುತ್ತದೆ: ‘ಐ ಸ್ವೇರ್ ಬೈ ಆಲ್‌ಮೈಟಿ ಗಾಡ್’. ಅಫರ್ಮೇಶನ್ನಿನ ಪಾಠ ಹೀಗೆ: ‘ಐ, ನಿಮ್ಮ ಪೂರ್ತಿ ಹೆಸರು, ಡು ಸಾಲೆಮ್ಲಿ, ಸಿನ್ಸಿಯರ್ಲಿ ಅಂಡ್ ಟ್ರೂಲಿ ಡಿಕ್ಲೇರ್ ಅಂಡ್ ಅಫರ್ಮ್’. ಆಮೇಲಿನದು ಇಬ್ಬರಿಗೂ ಒಂದೇ, ದೊರೆ ಮೂರನೇ ಚಾರ್ಲ್ಸ್‌ಗೂ ಅವನ ವಾರಸುದಾರರಿಗೂ ನಿಷ್ಠನಾಗಿರುತ್ತೇನೆ ಅನ್ನುವುದು. ದೇವರನ್ನು ಬಿಟ್ಟರೂ ದೊರೆಯನ್ನು ಬಿಡುವ ಹಾಗಿಲ್ಲ. ರಾಜಪ್ರಭುತ್ವ ಒಪ್ಪದವರಿಗೆಂದು ಮೂರನೇ ಪಾಠವಿಲ್ಲ. ಕೊನೆಗೆ ಎಲ್ಲರೂ ಒಟ್ಟಿಗೆ ಹೇಳುವ ‘ಪ್ಲೆಜ್’ನಲ್ಲಿ ದೇವರೂ ಇಲ್ಲ, ದೊರೆಯೂ ಇಲ್ಲ, ದೇಶ, ಕಾನೂನು, ಪ್ರಜಾಪ್ರಭುತ್ವದ ಮಾತು ಅಷ್ಟೆ. 18 ತುಂಬದ ಮಕ್ಕಳು ಇದ್ಯಾವುದನ್ನೂ ಹೇಳಬೇಕಿಲ್ಲ. ಅಂದಹಾಗೆ, ಆ ಗಳಿಗೆಗೆ ಭಾರತದ ಪೌರತ್ವ ಹೋಗುತ್ತದೆ. ಹಳೆ ಪಾಸ್‌ಪೋರ್ಟ್ ಹಿಡಿದು ಊರಿನ ಜಾತ್ರೆಗೆ ಹೊರಟುಬಿಡಬೇಡಿ.

ಜೂರಿ ಕರೆ ಬಂದಾಗ ನಮ್ಮವರು ‘ನಾನಿನ್ನೂ ಇಂಡಿಯನ್ ಪಾಸ್‌ಪೋರ್ಟಿನವನು, ಇದು ತಪ್ಪಿ ಬಂದಿದೆ’ ಅಂತ ಕಾಗದ ಎತ್ತಿಡುತ್ತಾರೆ. ತಪ್ಪಿ ಬಂದದ್ದಲ್ಲ. ಕಾಮನ್‌ವೆಲ್ತ್ ಪ್ರಜೆಯಾಗಿ ನಿಮ್ಮ ಹೆಸರು ಅಲ್ಲಿನ ಮತದಾರರ ಪಟ್ಟಿಯಲ್ಲಿರುತ್ತದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಜೂರರನ್ನು ಆರಿಸುವುದು ಆ ಪಟ್ಟಿಯಿಂದಲೇ. 18ರಿಂದ 75 ವಯಸ್ಸು, 13 ತುಂಬಿದ ಮೇಲೆ ಕನಿಷ್ಠ 5 ವರ್ಷ ಸತತ ವಾಸ, ಇಷ್ಟಿದ್ದರೆ ಪೌರತ್ವ ಕೇಳುವುದಿಲ್ಲ. ಕಾಗದ ಬಂದ 7 ದಿನದೊಳಗೆ ಉತ್ತರ ಕೊಡಬೇಕು. ಕಡೆಗಣಿಸಿದರೆ 1,000 ಪೌಂಡ್‌ವರೆಗೆ ದಂಡ. ನಾಸ್ತಿಕತೆ ಜೂರಿಯಿಂದ ತಪ್ಪಿಸಿಕೊಳ್ಳಲು ಕಾರಣವಾಗುವುದಿಲ್ಲ, ಯಾಕೆಂದರೆ ಅಫರ್ಮೇಶನ್ ಇದ್ದೇ ಇದೆ. 12 ಜನರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುವಾಗ ಪ್ರತಿಯೊಬ್ಬರೂ ಕಾರ್ಡು ನೋಡಿ ಓದಬೇಕು. ಅದಕ್ಕೂ ಮುಂಚೆ ಅಷರ್, ಅಂದರೆ ಕಪ್ಪು ನಿಲುವಂಗಿ ತೊಟ್ಟ ಕೋರ್ಟು ಸಿಬ್ಬಂದಿ, ಆಣೆಯೋ ಅಫರ್ಮೇಶನ್ನೋ ಅಂತ ಕೇಳುತ್ತಾರೆ. ಸ್ಕಾಟ್ಲೆಂಡಿನಲ್ಲಿ ಕ್ರಿಮಿನಲ್ ಜೂರಿ 15 ಜನರದ್ದು. ಅಲ್ಲಿ ಆಣೆಗೆ ಪುಸ್ತಕ ಮುಟ್ಟುವುದಿಲ್ಲ, ಬಲಗೈ ಎತ್ತುತ್ತಾರೆ. ಅಫರ್ಮೇಶನ್ ಬೇಕೆನ್ನುವವರು ಅಲ್ಲಿಯೂ ಮೊದಲೇ ಹೇಳಬೇಕು.

ಸಾಕ್ಷಿಯಾಗಿ ಹೋಗುವವರಿಗೆ ಸಿನಿಮಾದ ನೆನಪು ತೊಡಕಾಗುತ್ತದೆ. ನಮ್ಮ ಸಿನಿಮಾಗಳಲ್ಲಿ ಕೆಂಪು ಬಟ್ಟೆ ಸುತ್ತಿದ ಭಗವದ್ಗೀತೆ ಮುಟ್ಟಿಸುತ್ತಾರೆ, ಹಾಸನದ ಕೋರ್ಟಿನಲ್ಲಿ ಹಾಗೇನಿಲ್ಲ. 1969ರ ನಮ್ಮ ಓತ್ಸ್ ಆಕ್ಟ್‌ನ ನಮೂನೆಯಲ್ಲಿ ‘ದೇವರ ಹೆಸರಿನಲ್ಲಿ ಪ್ರಮಾಣ’ ಮತ್ತು ‘ದೃಢೀಕರಣ’ ಎರಡೂ ಪಕ್ಕಪಕ್ಕ ಇವೆ, ಪುಸ್ತಕದ ಮಾತೇ ಇಲ್ಲ. ಇಂಗ್ಲೆಂಡಿನಲ್ಲಿ ಮಾತ್ರ ಪುಸ್ತಕ ನಿಜವಾಗಿಯೂ ಬರುತ್ತದೆ. ಬೈಬಲ್, ಕುರಾನ್, ಗೀತೆ ಇಟ್ಟುಕೊಂಡಿರುತ್ತಾರೆ. ನಿಮ್ಮ ಹೆಸರೋ ಮುಖವೋ ನೋಡಿ ಗೀತೆ ಎತ್ತಿಕೊಂಡು ಬರುವ ಅಷರ್‌ಗಳೂ ಉಂಟು. ಅವಮಾನ ಮಾಡಬೇಕೆಂದಲ್ಲ, ಅನುಕೂಲ ಮಾಡಿಕೊಡಲೆಂದೇ. ಆಗ ತತ್ವ ವಿವರಿಸಲು ಹೋಗಬೇಡಿ. ‘ಐ ವುಡ್ ಲೈಕ್ ಟು ಅಫರ್ಮ್, ಪ್ಲೀಸ್’, ಇಷ್ಟು ಸಾಕು. ‘ನಾನ್-ರಿಲಿಜಿಯಸ್ ಓತ್’ ಅಂದರೆ ಅರೆಕ್ಷಣ ಗೊಂದಲವಾಗುತ್ತದೆ. ‘ನೋ ಬುಕ್’ ಅಂದರೆ ಇನ್ನೊಂದು ಪುಸ್ತಕ ಹುಡುಕಲು ಹೊರಡುತ್ತಾರೆ.

ಇಂಗ್ಲಿಷ್ ಬಾರದ ಅಪ್ಪ ಅಮ್ಮ ಬೇಲೂರಿನಿಂದಲೋ ಕಡೂರಿನಿಂದಲೋ ಮಕ್ಕಳ ಮನೆಗೆ ಬಂದಿದ್ದಾಗ ಕಣ್ಣಾರೆ ಕಂಡ ಅಪಘಾತಕ್ಕೆ ಸಾಕ್ಷಿಯಾಗಬೇಕಾಗಿ ಬಂದರೆ ದುಭಾಷಿ ಇರುತ್ತಾರೆ. ಈ ಜಾಗದಲ್ಲಿ ಕನ್ನಡವೇ ಕಾಲಿಗೆ ತೊಡರುತ್ತದೆ. ‘ಅಫರ್ಮ್’ ಅನ್ನುವುದನ್ನು ದುಭಾಷಿ ಅವಸರದಲ್ಲಿ ‘ದೇವರಾಣೆ ಸತ್ಯ ಹೇಳ್ತೀನಿ ಅನ್ನಿ’ ಅಂದುಬಿಟ್ಟರೆ ಆಯ್ಕೆ ಅಲ್ಲಿಗೇ ಮಣ್ಣುಪಾಲು. ಬರೀ ‘ಪ್ರಮಾಣ ಮಾಡುತ್ತೇನೆ’ ಅಂದರೂ ದೇವರು ಇದ್ದಾನೋ ಇಲ್ಲವೋ ತಿಳಿಯುವುದಿಲ್ಲ. ಮುಂಚೆಯೇ ದುಭಾಷಿಯ ಜೊತೆ ಒಂದು ವಾಕ್ಯ ಗೊತ್ತುಮಾಡಿಕೊಳ್ಳಿ: ‘ನಾನು ಕೊಡುವ ಸಾಕ್ಷ್ಯ ಸತ್ಯ, ಪೂರ್ಣ ಸತ್ಯ, ಸತ್ಯವಲ್ಲದೆ ಬೇರೇನೂ ಅಲ್ಲ ಎಂದು ಗಂಭೀರವಾಗಿ, ಮನಃಪೂರ್ವಕವಾಗಿ ಘೋಷಿಸಿ ದೃಢೀಕರಿಸುತ್ತೇನೆ.’ ಇನ್ನು ಅಮ್ಮನಿಗೆ ಗೀತೆಯ ಮೇಲೆ ಕೈ ಇಟ್ಟೇ ಹೇಳಬೇಕೆನಿಸಿದರೆ ಅದು ಅವರ ಆಯ್ಕೆ. ನಾಸ್ತಿಕ ಮಗ ಮಧ್ಯೆ ಬಾಯಿ ಹಾಕಬಾರದು. ಆದರೆ ಆ ಕೋರ್ಟಿನಲ್ಲಿ ಗೀತೆ ಸಿಗದೆ ವಿಚಾರಣೆ ತಡವಾಗುವ ಹಾಗಿದ್ದರೆ, ಅದೇ 5ನೇ ಸೆಕ್ಷನ್ ಪ್ರಕಾರ ಅವರಿಗೂ ಅಫರ್ಮೇಶನ್ ಮಾಡಿ ಅನ್ನಬಹುದು.

ಅಫರ್ಮ್ ಮಾಡಿದರೆ ಜೂರಿ ಅನುಮಾನದಿಂದ ನೋಡುತ್ತದೆಯೇ? ಕಾನೂನಿನಲ್ಲಿ ವ್ಯತ್ಯಾಸವಿಲ್ಲ, ಮನಸ್ಸಿನ ಮಾತು ಬೇರೆ. 2023ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಮನಃಶಾಸ್ತ್ರ ಅಧ್ಯಯನ ಅಣಕು ವಿಚಾರಣೆ ನಡೆಸಿ ನೋಡಿತ್ತು. ಒಟ್ಟಾರೆ ಅಫರ್ಮ್ ಮಾಡಿದ ಆರೋಪಿಗೆ ಹಾನಿ ಕಾಣಲಿಲ್ಲ. ಆದರೆ ತಾವೇ ದೇವರ ಮೇಲೆ ಆಣೆ ಇಡಲು ಆರಿಸಿಕೊಂಡ ಜೂರರ್‌ಗಳು ಅಂಥ ಆರೋಪಿಯ ಕಡೆ ಕೊಂಚ ಕಠಿಣವಾಗಿದ್ದರು. ಹಾಗಾಗಿ ನೀವೇ ಆರೋಪಿಯಾಗಿದ್ದರೆ ವಕೀಲರ ಜೊತೆ ಇದನ್ನು ಮುಚ್ಚುಮರೆಯಿಲ್ಲದೆ ಮಾತಾಡಿ. ಸಾಕ್ಷಿಗೂ ಜೂರರ್‌ಗೂ ಈ ಚಿಂತೆ ಅತಿಯಾಯಿತು. ಗಾಬರಿಯಲ್ಲಿ ದೇವರ ಮೇಲೆ ಆಣೆ ಮಾಡಿಯೇ ಬಿಟ್ಟಿದ್ದರೆ? ಬ್ರಿಟನ್ನಿನ 1978ರ ಆಕ್ಟ್‌ನ 4ನೇ ಸೆಕ್ಷನ್ ಓದಿ: ಮಾಡಿದವನಿಗೆ ನಂಬಿಕೆ ಇರಲಿಲ್ಲ ಅನ್ನುವ ಕಾರಣಕ್ಕೆ ಆಣೆ ಅಸಿಂಧುವಾಗುವುದಿಲ್ಲ. ಅಂದರೆ ಸಾಕ್ಷ್ಯ ಬಿದ್ದುಹೋಗುವ ಭಯವೂ ಬೇಡ, ‘ನಾನು ನಂಬೋನಲ್ಲ, ನನಗೆ ಅನ್ವಯಿಸೋಲ್ಲ’ ಅಂತ ಜಾರಿಕೊಳ್ಳುವ ಆಸೆಯೂ ಬೇಡ.

ಮಕ್ಕಳು ಸ್ಕೌಟ್ಸ್ ಸೇರುವುದಾದರೆ, ಬ್ರಿಟನ್ನಿನಲ್ಲಿ 2014ರಿಂದ ದೇವರ ಹೆಸರಿಲ್ಲದ ಬದಲಿ ಪ್ರತಿಜ್ಞೆ ಇದೆ. ಗರ್ಲ್‌ಗೈಡಿಂಗ್ 2013ರಲ್ಲೇ ದೇವರ ಮಾತನ್ನು ಎಲ್ಲರ ಪ್ರತಿಜ್ಞೆಯಿಂದಲೂ ತೆಗೆದುಹಾಕಿತು. ಗುಂಪಿನ ಲೀಡರ್‌ಗೆ ಮುಂಚೆ ಹೇಳಿದರೆ ಮುಗಿಯಿತು.

ಹೆಚ್ಚು ಕೆಲಸ ಕೆಡುವುದು ಅಫಿಡವಿಟ್‌ನಲ್ಲಿ, ಅದರಲ್ಲೂ ಊರಿಗೆ ಕಳಿಸುವ ಅಫಿಡವಿಟ್‌ನಲ್ಲಿ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ, ವಂಶವೃಕ್ಷ, ಕಾಫಿ ತೋಟದ ಪಾಲು ಅಂತ ಊರಿನ ವಕೀಲರು ಕೋರ್ಟ್ ಮುಂದಿನ ಟೈಪಿಸ್ಟ್ ಹತ್ತಿರ ಹೊಡೆಸಿದ ನಮೂನೆಯನ್ನೇ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಅದರ ತಲೆಯಲ್ಲಿ ಆಣೆಯ ಮಾತು, ಬುಡದಲ್ಲಿ ‘ಸ್ವೋರ್ನ್’. ನೀವು ಅದನ್ನು ಹಿಡಿದು ಸಾಲಿಸಿಟರ್, ಅಂದರೆ ಅಲ್ಲಿನ ವಕೀಲರ, ಮುಂದೆ ಕೂತು ‘ಅಫರ್ಮ್ ಮಾಡುತ್ತೇನೆ’ ಅಂದರೆ ಬಾಯಿ ಹೇಳಿದ್ದು ಒಂದು, ಕಾಗದ ಹೇಳಿದ್ದು ಇನ್ನೊಂದು ಆಗುತ್ತದೆ. ಎರಡು ಕಡೆ ತಿದ್ದಬೇಕು. ಶುರುವಿನಲ್ಲಿ ‘ಮೇಕ್ ಓತ್ ಅಂಡ್ ಸೇ’ ಇದ್ದಲ್ಲಿ ‘ಡು ಸಾಲೆಮ್ಲಿ ಅಂಡ್ ಸಿನ್ಸಿಯರ್ಲಿ ಅಫರ್ಮ್’. ಕೊನೆಯಲ್ಲಿ ‘ಸ್ವೋರ್ನ್ ಅಟ್’ ಇದ್ದಲ್ಲಿ ‘ಅಫರ್ಮ್ಡ್ ಅಟ್’, ಊರು, ತಾರೀಖು, ‘ಬಿಫೋರ್ ಮಿ’. ಬರಹದ ಅಫರ್ಮೇಶನ್ನಿನಲ್ಲಿ ‘ಟ್ರೂಲಿ ಡಿಕ್ಲೇರ್’ ಇಲ್ಲ ಅನ್ನುವುದನ್ನು ಗಮನಿಸಿ, ಅದು ಬಾಯಲ್ಲಿ ಹೇಳುವ ಪಾಠದ್ದು. ಪೆನ್ನಿನಲ್ಲಿ ತಿದ್ದಿದರೆ ಪ್ರತಿ ತಿದ್ದುಪಡಿಯ ಪಕ್ಕ ನಿಮ್ಮ ಮತ್ತು ಸಾಲಿಸಿಟರ್ ಇಬ್ಬರ ಸಣ್ಣ ಸಹಿ ಬೀಳಲಿ, ಇಲ್ಲವಾದರೆ ಯಾರೋ ಆಮೇಲೆ ತಿದ್ದಿದ್ದಾರೆ ಅಂತ ಊರಿನ ಕಚೇರಿ ವಾಪಸ್ ಕಳಿಸಬಹುದು. ಸಾಲಿಸಿಟರ್ ಮುಂದೆ ಸಹಿಗೆ ನಿಗದಿತ ಶುಲ್ಕ 5 ಪೌಂಡ್, ಲಗತ್ತಿಸಿದ ಪ್ರತಿ ದಾಖಲೆಗೆ 2 ಪೌಂಡ್. ನೋಟರಿ ಪಬ್ಲಿಕ್ ಬೇರೆ, ಅವರ ದರವೂ ಬೇರೆ. ಊರಿಗೆ ಕಳಿಸುವ ಕಾಗದಕ್ಕೆ ಸಾಮಾನ್ಯವಾಗಿ ಬೇಕಾಗುವುದು ಅವರೇ. ಪೂರ್ತಿ ಕನ್ನಡದಲ್ಲಿದ್ದರೆ ಓದಲಾಗದ ಕಾಗದಕ್ಕೆ ಅವರು ಸಹಿ ಹಾಕಲು ಹಿಂಜರಿಯುತ್ತಾರೆ, ಆದ್ದರಿಂದ ಎಡಕ್ಕೆ ಕನ್ನಡ ಬಲಕ್ಕೆ ಇಂಗ್ಲಿಷ್ ಇರುವ ಪ್ರತಿ ಮಾಡಿಸಿ. ಕನ್ನಡದ ಕಡೆಯಲ್ಲೂ ‘ದೇವರ ಸಾಕ್ಷಿಯಾಗಿ’ ಅನ್ನುವುದನ್ನು ತೆಗೆದು ‘ಸತ್ಯವೆಂದು ದೃಢೀಕರಿಸುತ್ತೇನೆ’ ಅಂತ ಹಾಕಿಸುವುದನ್ನು ಮರೆಯಬೇಡಿ. ಮರೆತರೆ ಒಂದೇ ಹಾಳೆಯಲ್ಲಿ ಎಡಕ್ಕೆ ಆಸ್ತಿಕ, ಬಲಕ್ಕೆ ನಾಸ್ತಿಕ. ನೋಟರಿ ಸಹಿಯ ಮೇಲೆ ಅಪೋಸ್ಟಿಲ್ ಮುದ್ರೆ, ಅಂದರೆ ಸಹಿ ಅಸಲಿ ಅಂತ ಬೇರೆ ದೇಶಕ್ಕೆ ಖಾತ್ರಿ ಕೊಡುವ ಮುದ್ರೆ, ಬೀಳಬೇಕು, ಅದನ್ನು ಬ್ರಿಟನ್ನಿನ ವಿದೇಶಾಂಗ ಇಲಾಖೆ ಹಾಕುತ್ತದೆ. ಕಳಿಸುವ ಮುಂಚೆ ತಿದ್ದಿದ ಕರಡನ್ನು ಊರಿನ ವಕೀಲರಿಗೆ ಒಮ್ಮೆ ತೋರಿಸಿ. ‘ಇದೇನ್ರೀ, ದೇವರನ್ನೇ ಕಿತ್ತು ಹಾಕಿದೀರಾ’ ಅಂತ ಅವರು ರೇಗಿಸಿದರೆ 1969ರ ಕಾಯ್ದೆಯ ನಮೂನೆ ನೆನಪಿಸಿದರಾಯಿತು, ದೃಢೀಕರಣ ಇಲ್ಲಿಯೂ ಊರ್ಜಿತ.