ಎಲ್ಲರಿಗೂ ಗೊತ್ತಿದ್ದದ್ದು ಹಗರಣವಾಗುವುದು ಯಾವಾಗ?

ಪಿಎಚ್‌.ಡಿ.ಗೆ ರಾಜಕೀಯ ಹಗರಣಗಳನ್ನು ತೆಗೆದುಕೊಳ್ಳುತ್ತೇನೆ ಅಂದಾಗ ವಿಭಾಗದ ಹಿರಿಯರೊಬ್ಬರು, "ಅದು ಪೇಪರಿನವರ ಕೆಲಸ ಕಣಮ್ಮ, ಜಾತಿ, ಕುಟುಂಬ ಏನಾದರೂ ನೋಡು" ಅಂದಿದ್ದರು. ನಾನು ಬಿಡಲಿಲ್ಲ.

ಶುರು ಮಾಡಿದ್ದು ಗ್ರಂಥಾಲಯದಲ್ಲಿ. 1988ರ ಪತ್ರಿಕೆಗಳ ಬೈಂಡು ತೆಗೆದು ದೂರವಾಣಿ ಕದ್ದಾಲಿಕೆ ಪ್ರಕರಣವನ್ನು ದಿನದಿನಕ್ಕೂ ಬರೆದುಕೊಂಡೆ. ಒಳಪುಟದ ಸುದ್ದಿ ಮುಖಪುಟಕ್ಕೆ ಬಂದಿದ್ದು ಯಾವತ್ತು? 'ಆರೋಪ' ಹೋಗಿ 'ಹಗರಣ' ಅನ್ನುವ ಪದ ಬಂದಿದ್ದು ಯಾವತ್ತು? ಆ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಹಗರಣ ಅಂದರೆ ಗುಟ್ಟು ರಟ್ಟಾಗುವುದು ಅಂತ ಆಗ ನಾನು ನಂಬಿದ್ದೆ.

ಆ ನಂಬಿಕೆ ಮುರಿದದ್ದು ಸಂಡೂರಿನಲ್ಲಿ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ನಷ್ಟ 16,000 ಕೋಟಿ ರೂಪಾಯಿಗೂ ಜಾಸ್ತಿ. 31ಕ್ಕೆ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಆಮೇಲೆ ನಾನು ಸಂಡೂರು, ಹೊಸಪೇಟೆ ಸುತ್ತಿದೆ. "ಯಾರು ದುಡ್ಡು ತಿಂದರು?" ಅಂತ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ತಿಂಗಳಾದ ಮೇಲೆ ಪ್ರಶ್ನೆ ಬದಲಾಯಿಸಿದೆ: "ನಿಮಗೆ ಇದು ಮೊದಲು ಯಾವಾಗ ಗೊತ್ತಾಯಿತು?"

ರಸ್ತೆ ಪಕ್ಕದ ಹೋಟೆಲಿನ ಹೆಂಗಸೊಬ್ಬರು ನಕ್ಕರು. "ಗೊತ್ತಾಗೋದು ಏನು ಮೇಡಂ, ಆ ಕೆಂಪು ಧೂಳು ನಮ್ಮ ಅನ್ನದ ತಟ್ಟೆಯಲ್ಲೇ ಇತ್ತಲ್ಲ."

ಹೌದಲ್ವಾ! ರಾತ್ರಿಯಿಡೀ ಲಾರಿ ಓಡಿದ್ದು ಎಲ್ಲರಿಗೂ ಕಾಣುತ್ತಿತ್ತು. ಅದಿರು ಎಲ್ಲಿಗೆ ಹೋಗುತ್ತದೆ ಅಂತ ಡ್ರೈವರ್‌ಗಳಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಎಲ್ಲರೆದುರು, ಹೆಸರು ಮತ್ತು ಲೆಕ್ಕದ ಸಮೇತ ಯಾರೋ ಹೇಳಬೇಕಿತ್ತು, ಅಷ್ಟೇ. ಅಲ್ಲಿಂದ ನನ್ನ ಇಡೀ ಪ್ರಬಂಧದ ದಾರಿ ತಿರುಗಿತು.

ಅದಿರು ಹೋದ ದಾರಿ ಹಿಡಿದು ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿಗೂ ಹೋದೆ. ಅರಣ್ಯ ಇಲಾಖೆ ಜಪ್ತಿ ಮಾಡಿದ್ದ ಲಕ್ಷಗಟ್ಟಲೆ ಟನ್ ಅದಿರು 2010ರಲ್ಲಿ ಮಾಯವಾಗಿದ್ದು ಅಲ್ಲೇ. ಅದೇ ಸೀಮೆಯಲ್ಲಿ 'ಹಗರಣ' ಅನ್ನುವುದು ಒಂದು ಆಟದ ಹೆಸರೂ ಹೌದು. ಅಲ್ಲಿನ ಹಾಲಕ್ಕಿ ಸಮುದಾಯದವರು ಸುಗ್ಗಿಯಲ್ಲಿ ವೇಷ ಹಾಕಿಕೊಂಡು ಬಂದು ಅಣಕ ಮಾಡುತ್ತಾರೆ. ನೋಡುವವರಿಗೆ ಅದರಲ್ಲಿ ಯಾವುದೂ ಹೊಸದಲ್ಲ. ಆದರೂ ನಾಲ್ಕು ಜನರ ಮುಂದೆ ಆಡಿ ತೋರಿಸಿದಾಗ ಬೀದಿಗೆ ಬೀದಿಯೇ ನಗುತ್ತದೆ. ನನ್ನ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ತಪ್ಪು ಯಾರದು ಅಂತ ನಾನು ಬರೆಯುವುದಿಲ್ಲ, ಅದು ನ್ಯಾಯಾಲಯದ ಕೆಲಸ. ಬೀದಿಯ ಮಾತು ನಾಲ್ಕೇ ದಿನದಲ್ಲಿ ಕುರ್ಚಿ ಅಲುಗಾಡಿಸುತ್ತದೆ, ಕೋರ್ಟಿಗೆ ವರ್ಷಗಳೇ ಬೇಕು. ಗಣಿ ಕಂಪನಿಯಿಂದ ಲಂಚ ಪಡೆದ ಆರೋಪದಿಂದ ಯಡಿಯೂರಪ್ಪ ಅವರನ್ನು ಸಿಬಿಐ ವಿಶೇಷ ನ್ಯಾಯಾಲಯ 2016ರಲ್ಲಿ ಖುಲಾಸೆ ಮಾಡಿತು. ಆ ದಿನದ ಪತ್ರಿಕೆಗಳನ್ನೂ ಅಷ್ಟೇ ಜೋಪಾನವಾಗಿ ಎತ್ತಿಟ್ಟೆ. ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ರಾಜೀನಾಮೆಯದು, ಖುಲಾಸೆಯದು ಎರಡೂ ಕಟ್ಟುಗಳನ್ನು ಒಟ್ಟಿಗೇ ಮೇಜಿನ ಮೇಲೆ ಇಡುತ್ತೇನೆ.