ಜಡಿಮಳೆಯಲ್ಲಿ ಹಿತ್ತಲ ಕೋಳಿ: ಮೊದಲು ಗೂಡಿನ ನೆಲ ಒಣಗಿಸಿ

ಆರಿದ್ರಾ ಮಳೆ ಹಿಡಿದು ಹತ್ತು ದಿನವಾಗುವಷ್ಟರಲ್ಲಿ ನನಗೆ ಫೋನ್ ಬರಲು ಶುರುವಾಗುತ್ತದೆ. ಮರಿಗಳು ಗರಿ ಉಬ್ಬಿಸಿಕೊಂಡು ಮೂಲೆ ಸೇರಿವೆ, ಹಿಕ್ಕೆಯಲ್ಲಿ ರಕ್ತ ಕಾಣ್ತಿದೆ, ಏನು ಔಷಧಿ ಹಾಕೋದು ಅಂತ. ಹೋಗಿ ನೋಡಿದರೆ ಹೆಚ್ಚಿನ ಮನೆಗಳಲ್ಲಿ ಒಂದೇ ಕಥೆ. ಚಳಿ ತಾಗಬಾರದು ಅಂತ ಗೂಡಿನ ನಾಲ್ಕೂ ಕಡೆ ಟಾರ್ಪಾಲು ಬಿಗಿದಿರುತ್ತಾರೆ. ಅದರ ಒಂದು ತುದಿ ಎತ್ತಿದರೆ ಸಾಕು, ಒಳಗಿನ ಗಾಳಿ ಮೂಗಿಗೆ ರಪ್ಪನೆ ಹೊಡೆದು ಕಣ್ಣಲ್ಲಿ ನೀರು ಬರುತ್ತದೆ. ನೆಲದ ಹಾಸು ಕೆಸರಿನ ಹಾಗೆ ಹೊಳೆಯುತ್ತಿರುತ್ತದೆ.

ನಮ್ಮದು ತೀರ್ಥಹಳ್ಳಿ ಕಡೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಆಗುಂಬೆ ಇಲ್ಲಿಂದ ದೂರ ಇಲ್ಲ. ಮೊದಲ ವರ್ಷ ನಾನೂ ಹೀಗೇ ಟಾರ್ಪಾಲು ಕಟ್ಟಿದ್ದೆ. ಪುನರ್ವಸು ಮಳೆಯಲ್ಲಿ 14 ಮರಿ ಇತ್ತು, ಪುಷ್ಯ ಮಳೆ ಮುಗಿಯುವಾಗ ಉಳಿದದ್ದು ಐದು. ಹೋದ ಒಂಬತ್ತೂ ಚಳಿಗೆ ಸತ್ತವು ಅಂತಲೇ ಅಂದುಕೊಂಡಿದ್ದೆ. ಒದ್ದೆ ನೆಲ ಕೊಂದಿತ್ತು ಅಂತ ಗೊತ್ತಾಗಲು ಇನ್ನೆರಡು ಮಳೆಗಾಲ ಬೇಕಾಯಿತು. ಬೆಳೆದ ಕೋಳಿ ಚಳಿ ತಡೆಯುತ್ತದೆ. ಒಣ ಜಾಗದಲ್ಲಿ ಗರಿ ಉಬ್ಬಿಸಿ ಕೂತರೆ ಅದಕ್ಕೆ ಅದೇ ಕಂಬಳಿ. ಕಾಲಡಿ ತೇವ ಇದ್ದರೆ ಮಾತ್ರ ಯಾವ ಔಷಧಿಯೂ ಹಿಡಿಯಲ್ಲ.

ಕಾವು ಕೂರಿಸುವುದು ಯಾವಾಗ?

ಯುಗಾದಿ ಆಸುಪಾಸು. ಏಪ್ರಿಲ್ 10ರ ಒಳಗೆ ಹೇಟೆಯನ್ನು (ಹೆಣ್ಣು ಕೋಳಿಯನ್ನು) ಕಾವಿಗೆ ಕೂರಿಸಿದರೆ 21 ದಿನಕ್ಕೆ, ಅಂದರೆ ಮೇ ಶುರುವಿನಲ್ಲಿ ಮರಿ. ಆರಿದ್ರಾ ಹಿಡಿಯುವ ಜೂನ್ 22ರ ಹೊತ್ತಿಗೆ ಮರಿಗೆ ಏಳು ವಾರ ತುಂಬಿ ಪುಕ್ಕ ಬಲಿತಿರುತ್ತದೆ. ಈ ಲೆಕ್ಕ ತಪ್ಪಿದರೆ ಗಣೇಶನ ಹಬ್ಬದವರೆಗೆ ಕಾಯಿರಿ. ಆ ನಡುವೆ ಬೇಕಂತಲೇ ಮರಿ ಮಾಡಿಸಬೇಡಿ.

ನಾಟಿ ಹೇಟೆಗೆ 10ರಿಂದ 12 ಮೊಟ್ಟೆ ಸಾಕು. 15 ಇಟ್ಟರೆ ಅಂಚಿನವು ಸರದಿ ಮೇಲೆ ತಣ್ಣಗಾಗಿ ಎಲ್ಲವೂ ಅರ್ಧಂಬರ್ಧ ಆಗುತ್ತವೆ. ಒಂದು ವಾರದೊಳಗಿನ ಮೊಟ್ಟೆಯನ್ನೇ ಇಡಿ. ಮಣ್ಣು ಹಿಡಿದ ಮೊಟ್ಟೆಯನ್ನು ನೀರಲ್ಲಿ ತೊಳೆಯಬೇಡಿ. ಚಿಪ್ಪಿನ ಮೇಲೆ ಒಂದು ತೆಳು ಪೊರೆ ಇರುತ್ತದೆ, ತೊಳೆದರೆ ಅದು ಹೋಗಿ ಕೊಳೆ ಒಳಗಿಳಿಯುತ್ತದೆ. ಏಳನೇ ದಿನ ರಾತ್ರಿ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ಜೇಡನ ಹಾಗೆ ಕೆಂಪು ನರ ಹರಡಿದ್ದರೆ ಮರಿ ಇದೆ. ಏನೂ ಕಾಣದೆ ತಿಳಿಯಾಗಿದ್ದರೆ ಗೊಡ್ಡು, ತೆಗೆದುಬಿಡಿ.

ಕಾವು ಕೊಡುವ ಪೆಟ್ಟಿಗೆ ತರಲೇ ಅಂತ ತುಂಬಾ ಜನ ಕೇಳುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಬೇಡ ಅನ್ನುತ್ತೇನೆ. ಒಂದು ಮರ ಲೈನ್ ಮೇಲೆ ಬಿದ್ದರೆ ಎರಡು ದಿನ ಕರೆಂಟ್ ಇರಲ್ಲ. 18ನೇ ದಿನದ ಮೊಟ್ಟೆಗಳು ಪೆಟ್ಟಿಗೆಯಲ್ಲಿ ತಣ್ಣಗಾಗುವುದನ್ನು ನೋಡುತ್ತಾ ಕೂರುವುದು ಬಹಳ ಸಂಕಟ. ಹೇಟೆಗೆ ಕರೆಂಟ್ ಬೇಕಿಲ್ಲ.

ತಳಿ ವಿಷಯ ಒಂದು ಮಾತು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಬಂದ ಗಿರಿರಾಜ ಮತ್ತು ಸ್ವರ್ಣಧಾರಾ ಒಳ್ಳೆಯ ಕೋಳಿಗಳೇ. ಮೊಟ್ಟೆ, ಮಾಂಸ ಎರಡೂ ನಾಟಿಗಿಂತ ಜಾಸ್ತಿ. ಆದರೆ ಅವು ಕಾವು ಕೂರುವುದು ಅಪರೂಪ. ಮಿಶ್ರ ತಳಿಯಾದ್ದರಿಂದ ಅವುಗಳ ಮರಿ ತಾಯಿಯಷ್ಟು ಬೆಳೆಯುತ್ತದೆ ಅನ್ನುವ ಭರವಸೆಯೂ ಇಲ್ಲ. ಮನೆಯಲ್ಲೇ ವಂಶ ಬೆಳೆಸಬೇಕು ಅನ್ನುವವರಿಗೆ ನಾಟಿಯೇ ಸರಿ. ಎಂಟು ಹತ್ತು ಹೇಟೆಗೆ ಒಂದು ಹುಂಜ ಇರಲಿ. ಎರಡು ವರ್ಷಕ್ಕೊಮ್ಮೆ ಹುಂಜವನ್ನು ಬೇರೆ ಊರಿನಿಂದ ತನ್ನಿ, ಇಲ್ಲದಿದ್ದರೆ ಒಂದೇ ರಕ್ತ ಸೇರಿ ಮರಿಗಳು ಬಡವಾಗುತ್ತವೆ.

ಗೂಡು

ಮೇ ತಿಂಗಳಲ್ಲೇ ಮುಗಿಸಿ. ನೆಲದಿಂದ ಎರಡಡಿ ಎತ್ತರ, ಕೋಳಿಗೆ ಎರಡು ಚದರ ಅಡಿ, ಸೂರು ಮೂರಡಿ ಮುಂದಕ್ಕೆ. ನಮ್ಮಲ್ಲಿ ಇರಿಚಲು ಬರುವುದು ಪಡುವಣ ಗಾಳಿಗೆ, ಹಾಗಾಗಿ ಪಶ್ಚಿಮ ಮತ್ತು ನೈಋತ್ಯದ ಕಡೆ ಪೂರ್ತಿ ಮುಚ್ಚಿ. ಉಳಿದ ಕಡೆ ಕೋಳಿಯ ತಲೆ ಎತ್ತರದವರೆಗೆ ಹಲಗೆ ಹೊಡೆದು, ಅದರ ಮೇಲೆ ಬರೀ ಜಾಲರಿ ಬಿಡಿ. ಗಾಳಿ ಕೋಳಿಯ ಮೈ ಮೇಲೆ ಹೋಗಬಾರದು, ತಲೆ ಮೇಲೆ ಹೋಗಬೇಕು. ಟಾರ್ಪಾಲು ಇರಲಿ, ಆದರೆ ಸುರುಳಿ ಸುತ್ತಿ ಮೇಲೆ ಕಟ್ಟಿಡಿ. ಇರಿಚಲು ಹೊಡೆಯುವ ಕಡೆ ಮಾತ್ರ, ಹೊಡೆಯುವ ಹೊತ್ತಿಗೆ ಮಾತ್ರ ಇಳಿಸಿ.

ದೊಡ್ಡ ಕೋಳಿಗೆ ಅಡಿಕೆ ದಬ್ಬೆಯ (ಅಡಿಕೆ ಮರ ಸೀಳಿದ ಪಟ್ಟಿಯ) ನೆಲ ನನಗೆ ಇಷ್ಟ. ಅರ್ಧ ಇಂಚು ಸಂದು ಬಿಟ್ಟು ಬಡಿದರೆ ಹಿಕ್ಕೆ ಕೆಳಗೆ ಬೀಳುತ್ತದೆ. ಕೆಳಗೆ ಬಿದ್ದದ್ದನ್ನು ವಾರಕ್ಕೊಮ್ಮೆ ಎಳೆದು ತೆಗೆಯಿರಿ. ಮರಿಗಳಿಗೆ ದಬ್ಬೆ ನೆಲ ಆಗಲ್ಲ, ಕಾಲು ಸಿಕ್ಕಿಕೊಳ್ಳುತ್ತದೆ. ಅವಕ್ಕೆ ಹಾಸು ಬೇಕೇ ಬೇಕು. ಎಲ್ಲರೂ ಎಡವುವುದು ಇಲ್ಲೇ.

ಹಾಸು

ಮೊದಲು ಹಾಸಿನಲ್ಲಿ ಏನಾಗುತ್ತದೆ ಅಂತ ತಿಳಿಯಿರಿ. ಮರಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಅನ್ನುವ ಸೂಕ್ಷ್ಮಜೀವಿಯ ಮೊಟ್ಟೆಗಳು ಹಿಕ್ಕೆಯಲ್ಲಿ ಹೊರಗೆ ಬರುತ್ತವೆ. ಆ ಗಳಿಗೆಯಲ್ಲಿ ಅವು ರೋಗ ತರಲಾರವು. ತೇವ, ಬಿಸುಪು, ಗಾಳಿ ಮೂರೂ ಸಿಕ್ಕರೆ ಒಂದೆರಡು ದಿನದಲ್ಲಿ ಮಾಗುತ್ತವೆ. ಮರಿ ಅದನ್ನು ಕುಕ್ಕಿ ನುಂಗಿದಾಗ ಕರುಳು ಹಿಡಿಯುತ್ತದೆ. ಬಿಸುಪನ್ನು ನಾವು ತೆಗೆಯುವ ಹಾಗಿಲ್ಲ, ಮರಿಗೆ ಅದು ಬೇಕು. ಗಾಳಿಯೂ ಬೇಕು. ನಮ್ಮ ಕೈಯಲ್ಲಿರುವುದು ತೇವ ಒಂದೇ.

ಯಾವ ಹಾಸು? ಭತ್ತದ ಹೊಟ್ಟು ಚೆನ್ನ. ಬಡಗಿ ಕೀಸುಳಿ ಹಾಕುವಾಗ ಉದುರುವ ಸುರುಳಿ ಹೊಟ್ಟು ಅದಕ್ಕಿಂತ ಚೆನ್ನ. ಗರಗಸದ ನುಣ್ಣನೆಯ ಹುಡಿ ಬೇಡ, ಮರಿಗಳು ತಿನ್ನುತ್ತವೆ, ಧೂಳು ಉಸಿರಿಗೂ ಹೋಗುತ್ತದೆ. ದರಗು, ಅಂದರೆ ಉದುರಿದ ಒಣ ಎಲೆ, ಎಲ್ಲಕ್ಕಿಂತ ಸುಲಭವಾಗಿ ಸಿಗುತ್ತದೆ ಅಂತ ಜನ ಹಾಕುತ್ತಾರೆ. ಅದು ಎರಡೇ ದಿನಕ್ಕೆ ಚಾಪೆಯಂತೆ ಅಂಟಿಕೊಂಡು ಅಡಿಯಲ್ಲಿ ನೀರು ನಿಲ್ಲಿಸುತ್ತದೆ. ನಾನು ಬಳಸುವುದು ಬಿಸಿಲಲ್ಲಿ ಗರಿಗರಿ ಒಣಗಿಸಿ, ಕತ್ತಿಯಲ್ಲಿ ಸಣ್ಣಗೆ ಕೊಚ್ಚಿದ ಅಡಿಕೆ ಸಿಪ್ಪೆ, ಅರ್ಧಕ್ಕರ್ಧ ಭತ್ತದ ಹೊಟ್ಟಿನ ಜೊತೆ. ಮಾರ್ಚ್ ತಿಂಗಳಲ್ಲೇ ಹತ್ತು ಚೀಲ ತುಂಬಿ ಒಲೆ ಮೇಲಿನ ಅಟ್ಟಕ್ಕೆ ಏರಿಸುತ್ತೇನೆ. ಜುಲೈನಲ್ಲಿ ಒಣ ಹಾಸು ದುಡ್ಡು ಕೊಟ್ಟರೂ ಸಿಗಲ್ಲ.

ನೆಲಕ್ಕೆ ಮೊದಲು ಸುಣ್ಣ ಬಳಿದು ಒಣಗಲು ಬಿಡಿ. ಅದರ ಮೇಲೆ ನಾಲ್ಕು ಇಂಚು ಹಾಸು. ಆಮೇಲೆ ದಿನಾ ಬೆಳಿಗ್ಗೆ ಒಂದು ಕೆಲಸ: ಹಾಸಿನ ಒಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ, ಅಂಗೈ ಬಿಚ್ಚಿ. ಪುಡಿಪುಡಿಯಾಗಿ ಉದುರಿದರೆ ಸರಿ ಇದೆ. ರಾಗಿ ಮುದ್ದೆಯ ಹಾಗೆ ಉಂಡೆ ನಿಂತರೆ ಆ ಭಾಗವನ್ನು ಆ ಕ್ಷಣವೇ ಎತ್ತಿ ಹೊರಗೆ ಹಾಕಿ, ಒಣಗಿದ್ದು ಸುರಿಯಿರಿ. ನಾಳೆ ಮಾಡೋಣ ಅಂದರೆ ಅಷ್ಟರಲ್ಲಿ ಕಾಕ್ಸಿಡಿಯಾ ಮಾಗಿರುತ್ತದೆ. ನಂತರ ಕುಂಟೆಕೋಲಿನಿಂದ ಇಡೀ ಹಾಸನ್ನು ಮೇಲೆ ಕೆಳಗೆ ಕೆದಕಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಇದಕ್ಕೆ ಐದು ನಿಮಿಷ ಸಾಕು.

ಕೈ ಪರೀಕ್ಷೆ ಆದ ಮೇಲೆ ಮೂಗಿನ ಪರೀಕ್ಷೆ. ನಿಂತು ನೋಡಬೇಡಿ, ಕುಕ್ಕರಗಾಲಲ್ಲಿ ಕೂತು ಮರಿಯ ಎತ್ತರಕ್ಕೆ ಮುಖ ತನ್ನಿ. ಅವು ಉಸಿರಾಡುವ ಗಾಳಿ ಅದು. ಅಲ್ಲಿ ಘಾಟು ಬಂದರೆ ಅಮೋನಿಯಾ ಎದ್ದಿದೆ ಅಂತ ಅರ್ಥ. ಆಗ ಹಾಸಿನ ಮೇಲೆ ಸುಣ್ಣದ ಪುಡಿ ಎರಚುವ ಅಭ್ಯಾಸ ನಮ್ಮ ಕಡೆ ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಹಿಕ್ಕೆ ಸೇರಿದ ಒದ್ದೆ ಹಾಸಿಗೆ ಸುಣ್ಣ ಬಿದ್ದರೆ ಅಮೋನಿಯಾ ಇನ್ನೂ ಜೋರಾಗಿ ಏಳುತ್ತದೆ. ಸುಣ್ಣ ಬರೀ ನೆಲಕ್ಕೆ. ಒದ್ದೆ ಹಾಸಿಗೆ ಇರುವ ದಾರಿ ಎತ್ತಿ ಎಸೆಯುವುದೊಂದೇ. ವಾಸನೆ ಹೋಗಿಸುವ ಪುಡಿ ಅಂತ ಅಂಗಡಿಯವರು ಪ್ಯಾಕೆಟ್ ಕೊಡುತ್ತಾರೆ. ನಾನೂ ತಂದು ನೋಡಿದ್ದೇನೆ. ಒಂದು ದಿನ ಸುವಾಸನೆ ಬಂತು, ಒದ್ದೆ ಹಾಗೇ ಇತ್ತು.

ತೇವ ಬರುವುದು ಮಳೆಯಿಂದ ಮಾತ್ರ ಅಂದುಕೊಳ್ಳಬೇಡಿ. ಅರ್ಧಕ್ಕರ್ಧ ಬರುವುದು ನೀರಿನ ಬಟ್ಟಲಿನಿಂದ. ಮರಿ ಅದರಲ್ಲಿ ಕಾಲಿಡುತ್ತದೆ, ಚೆಲ್ಲುತ್ತದೆ. ನೀರಿನ ಬಟ್ಟಲನ್ನು ಮರಿಯ ಬೆನ್ನಿನ ಎತ್ತರಕ್ಕೆ ಇಟ್ಟಿಗೆ ಮೇಲಿಡಿ, ಇಟ್ಟಿಗೆಯನ್ನು ಜಾಲರಿ ಹೊದೆಸಿದ ಒಂದು ತಟ್ಟೆಯಲ್ಲಿಡಿ. ಚೆಲ್ಲಿದ ನೀರು ತಟ್ಟೆಗೆ ಬೀಳುತ್ತದೆ. ಇದೊಂದು ಬದಲಾವಣೆಗೇ ನಮ್ಮ ಹಾಸು ಎರಡರಷ್ಟು ದಿನ ಬಾಳುತ್ತಿದೆ.

ಬೂದಿ ಗುಂಡಿ

ಕೋಳಿ ಧೂಳಲ್ಲಿ ಹೊರಳಿ ಹೇನು, ಉಣ್ಣೆ ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಹಿತ್ತಲಲ್ಲಿ ಎಲ್ಲೂ ಧೂಳಿಲ್ಲ, ಅಲ್ವಾ? ಸೂರಿನ ಕೆಳಗೆ ಒಂದು ಹಳೇ ಬಾಣಲೆಯಲ್ಲಿ ಒಣ ಮರಳು, ಒಲೆ ಬೂದಿ ಬೆರೆಸಿ ಇಡಿ. ಇಟ್ಟ ಮಧ್ಯಾಹ್ನವೇ ಹೇಟೆಗಳು ಸರದಿ ನಿಲ್ಲುತ್ತವೆ. ಒಂದು ರೆಕ್ಕೆ ಬಿಚ್ಚಿ, ಕಣ್ಣು ಮುಚ್ಚಿ, ಬೂದಿಯನ್ನು ಬೆನ್ನ ಮೇಲೆ ಎಳೆದುಕೊಳ್ಳುವುದನ್ನು ನೋಡಿದರೆ ಅದು ಅವಕ್ಕೆ ಎಷ್ಟು ಬೇಕಿತ್ತು ಅಂತ ತಿಳಿಯುತ್ತದೆ. ರಾತ್ರಿ ಟಾರ್ಚ್ ಹಿಡಿದು, ಕೋಳಿ ಕೂರುವ ಕೋಲಿನ ಸಂದುಗಳನ್ನೂ ನೋಡಿ. ಕೆಂಪು ಚುಕ್ಕಿ ಹರಿದಾಡುತ್ತಿದ್ದರೆ ಕೋಲು ತೆಗೆದು ಬಿಸಿನೀರು ಹೊಯ್ದು, ಬೇವಿನೆಣ್ಣೆ ಹಚ್ಚಿ.

ಆಹಾರ

ಹದಿನೈದು ದಿನಕ್ಕಾಗುವಷ್ಟೇ ತನ್ನಿ. ಚೀಲವನ್ನು ಗೋಡೆಗೆ ತಾಗಿಸದೆ ಹಲಗೆ ಮೇಲಿಡಿ. ಜೋಳ, ಹಿಂಡಿ, ತೌಡು ಯಾವುದಕ್ಕೇ ಬೂಷ್ಟು ಹಿಡಿದರೂ ಗೊಬ್ಬರದ ಗುಂಡಿಗೆ ಹಾಕಿ. ಬೂಷ್ಟು ಉಜ್ಜಿ, ಬಿಸಿಲಲ್ಲಿ ಒಣಗಿಸಿ, ಬಾಣಲೆಯಲ್ಲಿ ಹುರಿದು ಹಾಕುವವರಿದ್ದಾರೆ. ಮೇಲಿನ ಹಸಿರು ಹೋಗುತ್ತದೆ, ಒಳಗಿನ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗಲ್ಲ. ಅದು ಕೋಳಿಯ ಪಿತ್ತಜನಕಾಂಗವನ್ನು (ಲಿವರ್) ನಿಧಾನವಾಗಿ ತಿನ್ನುತ್ತದೆ.

ಮೋಡದ ದಿನಗಳಲ್ಲಿ ಮೊಟ್ಟೆ ಕಡಿಮೆಯಾದರೆ ಗಾಬರಿ ಬೇಡ, ಬೆಳಕು ಸಾಲುತ್ತಿಲ್ಲ ಅಷ್ಟೆ. ನಸುಕಿನಲ್ಲಿ ಒಂದೆರಡು ಗಂಟೆ ದೀಪ ಹಾಕಿ.

ಮಳೆಯಲ್ಲೇ ಮರಿ ಬಂದರೆ

ಎಷ್ಟು ಲೆಕ್ಕ ಹಾಕಿದರೂ ಒಂದು ಹೇಟೆ ಸೌದೆ ಕೊಟ್ಟಿಗೆಯಲ್ಲಿ ಕದ್ದು ಮೊಟ್ಟೆಯಿಟ್ಟು ಜುಲೈನಲ್ಲಿ ಮರಿ ಕರೆದುಕೊಂಡು ಬಂದೇ ಬರುತ್ತದೆ. ತಾಯಿ, ಮರಿ ಎರಡನ್ನೂ ಮೂರು ವಾರ ಒಳಗೇ ಕೂಡಿ. ಹೊರಗೆ ಬಿಟ್ಟರೆ ತಾಯಿ ಎರೆಹುಳ ಕೆದಕಿ ತಿನ್ನಿಸುತ್ತದೆ, ಅದರ ಜೊತೆ ಜಂತುಹುಳದ ಮೊಟ್ಟೆಯೂ ಹೊಟ್ಟೆ ಸೇರುತ್ತದೆ.

ತಾಯಿ ಇಲ್ಲದ ಮರಿಗೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸಿ. ಥರ್ಮಾಮೀಟರ್‌ಗಿಂತ ಮರಿಗಳನ್ನೇ ನೋಡಿ. ಗುಡ್ಡೆಯಾಗಿ ಒಂದರ ಮೇಲೊಂದು ಏರಿದ್ದರೆ ಚಳಿ, ಅಂಚಿಗೆ ಓಡಿ ಬಾಯಿ ಬಿಟ್ಟಿದ್ದರೆ ಸೆಕೆ, ಚೆಲ್ಲಾಪಿಲ್ಲಿ ಮಲಗಿದ್ದರೆ ಸರಿ. ಎಲ್‌ಇಡಿ ಬಲ್ಬ್ ಹಾಕಿ ಕಾವು ಕೊಟ್ಟೆ ಅನ್ನುವವರು ಈಗೀಗ ಜಾಸ್ತಿ. ಅದರಲ್ಲಿ ಬೆಳಕಿದೆ, ಮರಿಗೆ ಸಾಲುವಷ್ಟು ಬಿಸಿ ಇಲ್ಲ. ಹಳೇ ಕಾಲದ ತಂತಿ ಬಲ್ಬ್ ಹುಡುಕಿ ತನ್ನಿ. ಕರೆಂಟ್ ಹೋದಾಗ ಸ್ಟೀಲ್ ಹಾಲಿನ ಕ್ಯಾನಿಗೆ ಬಿಸಿನೀರು ತುಂಬಿ, ಗೋಣಿ ಸುತ್ತಿ ಮರಿಗಳ ನಡುವೆ ಇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಮಡಕೆ ಮಾತ್ರ ಬೇಡ, ಹೊಗೆ ಕಾಣದಿದ್ದರೂ ವಿಷಗಾಳಿ ತುಂಬುತ್ತದೆ. ಬಚ್ಚಲೊಲೆ ಪಕ್ಕವೂ ಬೇಡ, ಅಲ್ಲಿ ಉಗಿ.

ಲಸಿಕೆ

ಕೊಕ್ಕರೆ ರೋಗ (ರಾಣಿಖೇತ್) ಬಂದ ಮೇಲೆ ಔಷಧಿ ಇಲ್ಲ. ಮರಿಗೆ 5ರಿಂದ 7 ದಿನದಲ್ಲಿ ಅದರ ಲಸಿಕೆ ಲಾಸೋಟಾ, ಕಣ್ಣಿಗೆ ಒಂದು ಹನಿ. ನಾಲ್ಕನೇ ವಾರ ಮತ್ತೊಮ್ಮೆ. ಎಂಟನೇ ವಾರ ಅದೇ ರೋಗಕ್ಕೆ ಆರ್2ಬಿ ಅನ್ನುವ ಚುಚ್ಚುಮದ್ದು. ಕೋಳಿ ಸಿಡುಬನ್ನು ಸೊಳ್ಳೆಗಳು ಹರಡುತ್ತವೆ, ಅದರ ಲಸಿಕೆ ಮಳೆಗೆ ಮೊದಲೇ ಆಗಲಿ. ಒಂದು ಸೀಸೆ ನೂರಾರು ಕೋಳಿಗೆ ಆಗುತ್ತದೆ, ಬೆರೆಸಿದ ಎರಡು ಗಂಟೆಯೊಳಗೆ ಖಾಲಿಯಾಗಬೇಕು. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮರುದಿನ ಹಾಕಿದರೆ ಬರೀ ನೀರು ಹಾಕಿದ ಹಾಗೆ. ನಾವು ಆರು ಮನೆಯವರು ಒಂದೇ ದಿನ ಗೊತ್ತು ಮಾಡಿ, ಫ್ಲಾಸ್ಕ್‌ನಲ್ಲಿ ಐಸ್ ಹಾಕಿ ತಂದು, ಬೆಳಿಗ್ಗೆಯೇ ಮನೆಯಿಂದ ಮನೆಗೆ ಹೋಗಿ ಮುಗಿಸುತ್ತೇವೆ.

ರಕ್ತಭೇದಿ ಕಂಡರೆ ಹಿಕ್ಕೆಯನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋಗಿ. ಆಂಪ್ರೋಲಿಯಂ ಅನ್ನುವ ಔಷಧಿ ಕೊಡುತ್ತಾರೆ, ಅಳತೆ ಅವರೇ ಹೇಳಲಿ. ಎಲ್ಲ ಕಾಯಿಲೆಗೂ ಅಂಗಡಿಯ ಹಳದಿ ಪುಡಿ ಕಲಸಿ ಕುಡಿಸುವುದನ್ನು ಬಿಡಿ. ಅದು ಆ್ಯಂಟಿಬಯೊಟಿಕ್, ಕೊಕ್ಕರೆ ರೋಗದ ವೈರಸ್‌ಗೆ ನಾಟುವುದಿಲ್ಲ.

ಮಘೆ ಮಳೆ ಹೊತ್ತಿಗೆ ಬಿಸಿಲು ಒಂದಿಷ್ಟು ಇಣುಕುತ್ತದೆ. ಆಗ ಹಳೇ ಹಾಸನ್ನೆಲ್ಲ ಬಾಚಿ ತೆಗೆಯಿರಿ. ಅಡಿಕೆ ಬುಡಕ್ಕೆ ನೇರವಾಗಿ ಹಾಕಬೇಡಿ, ಹಸಿ ಕೋಳಿಗೊಬ್ಬರದ ಖಾರಕ್ಕೆ ಬೇರು ಸುಡುತ್ತದೆ. ಸಗಣಿ, ಸೊಪ್ಪಿನ ಜೊತೆ ಗುಂಡಿಯಲ್ಲಿ ಎರಡು ಮೂರು ತಿಂಗಳು ಕೊಳೆಯಲಿ. ಬರಿದಾದ ನೆಲಕ್ಕೆ ಸುಣ್ಣ ಬಳಿದು ಎರಡು ದಿನ ಒಣಗಿಸಿ, ಅಟ್ಟದಿಂದ ಕೊನೆಯ ಎರಡು ಚೀಲ ಇಳಿಸಿ. ಅಷ್ಟರಲ್ಲಿ ಯಾವುದಾದರೊಂದು ಹೇಟೆ ಕೊಕ್ಕೊಕ್ ಅಂತ ರೆಕ್ಕೆ ಅಗಲಿಸಿ ಮೂಲೆ ಹಿಡಿದಿರುತ್ತದೆ. ಅದನ್ನು ಕಾವಿಗೆ ಕೂರಿಸಬಹುದು.